ಮಿಸರದ ರಾಣಿಯ ಆಟ

ನಾನು ಚಿಕ್ಕವಳಿದ್ದಾಗ ನಮ್ಮ ಬನಹಟ್ಟಿಗೆ ಸಿನಿಮಾ ಬರುತ್ತಿದ್ದುದು ಚಕ್ಕಡಿಯಲ್ಲಿ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಒಂದು ಚಕ್ಕಡಿಯಲ್ಲಿ ಡೇರೆಯ ಬಟ್ಟೆ, ಹಗ್ಗ, ಗಳಗಳು. ಇನ್ನೊಂದರಲ್ಲಿ ಹುಲ್ಲು ಹಾಸಿ, ಅದರ ಮೇಲೆ ಬಾಣಂತಿಯನ್ನು ಕರೆತಂದಷ್ಟು ಜೋಪಾನವಾಗಿ ಸಿನಿಮಾ ಯಂತ್ರವನ್ನು ತರುತ್ತಿದ್ದರು. ಅದು ಸಂಸ್ಥಾನದ ಕಾಲ. ರಾಜರು ಜಮಖಂಡಿಯಲ್ಲಿದ್ದರು, ನಮ್ಮ ಮನೆಯಲ್ಲಿ ಚಿಮಣಿ ದೀಪವಿತ್ತು. ಅಪ್ಪ ನೇಕಾರ. ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಮುಂಜಾನೆಯಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದ. ಅಕ್ಕ ಮತ್ತು ನಾನು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದೆವು. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು.

ಆ ವರ್ಷ ಬಂದದ್ದು ಬಿಳಿಯರ ಚಿತ್ರ. ಅದರ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅಪ್ಪ ಸಂಜೆ ಮಗ್ಗದಿಂದ ಬೇಗ ಎದ್ದು, ಅವ್ವನಿಗೆ ಮನೆ ಬಿಟ್ಟು ಬರಲಾಗದ ಕಾರಣ, ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಡೇರೆಯೊಳಗೆ ಒದ್ದೆ ಮಣ್ಣಿನ, ಬೀಡಿಯ, ಹುರಿದ ಶೇಂಗಾದ ವಾಸನೆ. ಬಿಳಿಯರ ಮಾತು ಊರಿನಲ್ಲಿ ಒಬ್ಬರಿಗೂ ತಿಳಿಯದು. ಅದಕ್ಕೆಂದೇ ಪರದೆಯ ಮಗ್ಗುಲಲ್ಲಿ ಕೋಲು ಹಿಡಿದು ಒಬ್ಬ ನಿಂತಿದ್ದ. ಗಂಟಲು ಹರಿಯುವಂತೆ ಕಥೆ ಹೇಳುವುದು ಅವನ ಕೆಲಸ.

"ನೋಡ್ರೆಪಾ, ಇದು ಮಿಸರ ದೇಶ! ನಮ್ಮಲ್ಲೆ ಉಸುಕು ಹೊಳಿ ದಂಡ್ಯಾಗ ಇರ್ತೈತಿ, ಇವರಿಗೆ ಊರ ತುಂಬ ಉಸುಕ!"

ಮಿಸರ ಎಂದರೆ ಈಗಿನವರು ಹೇಳುವ ಈಜಿಪ್ಟ್. ಒಬ್ಬ ಡುಮ್ಮ, ಒಬ್ಬ ಸಣಕಲ, ಇಬ್ಬರೂ ಬಂಗಾರದ ಆಸೆಗೆ ಸಾವಿರಾರು ವರ್ಷದ ಹಿಂದಿನ ರಾಣಿಯೊಬ್ಬಳ ಗೋರಿ ಅಗೆಯುತ್ತಾರೆ. ಗೋರಿ ಮುಟ್ಟಿದವರಿಗೆ ರಾಣಿಯ ಶಾಪ. ಶಾಪ ಹತ್ತಿದ್ದೇ ತಡ, ಡುಮ್ಮನ ಟೊಪ್ಪಿಗೆಯನ್ನು ಒಂಟೆ ತಿಂದಿತು. ಮೀಸೆಗೆ ಬೆಂಕಿ ಹತ್ತಿತು. ಬಾಗಿಲೆಂದು ತಿಳಿದು ಗೋಡೆಗೆ ಹಾಯ್ದು ಬಿದ್ದ. ಅಯ್ಯಯ್ಯ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂದೂ ಸದ್ದು ಮಾಡಿ ನಗದ ಅಪ್ಪನೂ ನಕ್ಕ. ಕಡೆಗೆ ಪೆಟ್ಟಿಗೆ ತೆರೆದರೆ ಒಳಗೆ ರಾಣಿ, ತಲೆಯಿಂದ ಕಾಲಿನವರೆಗೆ ಬಟ್ಟೆಯ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾಳೆ. ನಾನು ಹೆದರಿ ಅಕ್ಕನ ಪೋಲಕಾದ ತೋಳಿನಲ್ಲಿ ಮುಖ ಹುದುಗಿಸಿದೆ. ಅಪ್ಪ ಮಾತ್ರ, "ಎಷ್ಟ ಗಜ ಅರಿವಿ ಹಾಳ ಮಾಡ್ಯಾರ ನೋಡು," ಎಂದು ಹಲುಬಿದ. ನೇಕಾರನಿಗೆ ರಾಣಿಗಿಂತ ಬಟ್ಟೆಯದೇ ಚಿಂತೆ.

ಆಗ ಸಣಕಲ ಗೋಡೆಯ ಮೇಲಿದ್ದ, ಶಾಪ ಬಿಡಿಸುವ ಮಂತ್ರ ಓದಿದ. ಅಂದರೆ ಅವನು ಬಾಯಿ ಆಡಿಸಿದ, ಮಂತ್ರ ಹೇಳಿದವನು ನಮ್ಮ ಕೋಲಿನವನೇ: "ಉಂಬಾ ಸುಂಬಾ ಕಲ್ಲಿನ ಕಂಬಾ, ಏಳ ಬೇ ರಾಣಿ, ಕಣ್ಣ ತೆರಿ!" ಪಟ್ಟಿಗಳು ತಾವಾಗಿಯೇ ಸರಸರ ಬಿಚ್ಚಿಕೊಂಡವು. ರಾಣಿ ಕಣ್ಣು ತೆರೆದಳು, ಎದ್ದು ಕುಳಿತಳು, ಧೂಳು ಮೂಗಿಗೆ ಹೋಗಿ ಒಂದು ದೊಡ್ಡ ಸೀನು ಸೀನಿದಳು. ಡೇರೆ ಹಾರಿಹೋಗುವಷ್ಟು ನಗು! ಶಾಪ ಬಿಟ್ಟಿತು, ಕಥೆ ಮುಗಿಯಿತು.

ಇಂಥ ಚಿತ್ರವನ್ನು ನಾವು ಅಷ್ಟೇಕೆ ಮೆಚ್ಚಿದೆವೆಂದು ಈಗ ನನಗೆ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಜ್ವರಕ್ಕೆ ಹೋದವರು, ಹೆರಿಗೆಯಲ್ಲಿ ಹೋದವರು ಬೇಕಾದಷ್ಟಿದ್ದರು. ಹೋದವರು ಹೋದರು, ಅಷ್ಟೇ. ಡೇರೆಯೊಳಗಿನ ಶಾಪಕ್ಕಾದರೆ ಬಿಡುಗಡೆಯಿತ್ತು. ಅದು ಎಷ್ಟೇ ಹೆದರಿಸಿದರೂ ಕೊನೆಗೆ ಎಲ್ಲರೂ ಜೀವಂತವಾಗಿ ಮನೆಗೆ ಹೋಗುತ್ತಿದ್ದರು.

ಮರುದಿನದಿಂದ ನಮಗೆ ಅದೇ ಆಟ. ಅಕ್ಕ ಅಪ್ಪನ ಹರಿದ ದೋತರವನ್ನು ಸುತ್ತಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚುವಳು. ನಾನು ಮಂತ್ರ ಹೇಳುವವಳು. ಆದರೆ ಆ ತುಂಟ ಹುಡುಗಿ ಒಂದೇ ಸಲಕ್ಕೆ ಏಳುತ್ತಿರಲಿಲ್ಲ. ನನ್ನನ್ನು ಕಾಡುವುದೇ ಅವಳಿಗೆ ಖುಷಿ. ಉಸಿರು ಬಿಗಿಹಿಡಿದು ಅಲ್ಲಾಡದೆ ಕೂರುವಳು. ನಾನು ಮತ್ತೆ ಮತ್ತೆ ಮಂತ್ರ ಹೇಳಿ, ಇನ್ನೇನು ಅಳು ಬಂತು ಎನ್ನುವಾಗ, "ಆಕ್ಷೀ!" ಎಂದು ಸೀನಿ ನನ್ನನ್ನು ತಬ್ಬಿಕೊಳ್ಳುವಳು.

ಆ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಮೊದಲು ಮೈಕೈ ನೋವು ಎಂದಳು, ಆಮೇಲೆ ಮೇಲೇಳಲೇ ಇಲ್ಲ. ರಬಕವಿಯಿಂದ ವೈದ್ಯರು ಬಂದು ನಾಡಿ ನೋಡಿ, ಕಷಾಯ ಕೊಟ್ಟು, ತಂಗಿಯನ್ನು ಹತ್ತಿರ ಬಿಡಬೇಡಿ ಎಂದರು. ನನ್ನನ್ನು ಎದುರುಮನೆಯಲ್ಲಿ ಬಿಟ್ಟರು. ಆ ಮನೆಯ ಮುದುಕಿ ನನ್ನ ತಲೆ ಬಾಚುತ್ತ, "ಹೆಣದ ಆಟ ಆಡಿದ್ರ ಬಿಡ್ತೈತೇನ? ಆ ಸಿನಿಮಾದ ಶಾಪ ತಟ್ಟೇತಿ ನಿಮ್ಮಕ್ಕಗ," ಎಂದಳು. ಅವಳ ನಾಲಿಗೆಗೆ ಮುಳ್ಳು ಮುರಿಯಲಿ ಎಂದು ಇಂದಿಗೂ ನನಗೆ ಅನಿಸುತ್ತದೆ. ಆದರೆ ಆ ದಿನ ನನಗೆ ಸಿಟ್ಟು ಬರಲಿಲ್ಲ, ಸಮಾಧಾನವಾಯಿತು. ಬರೀ ಜ್ವರವಾದರೆ ನನಗೇನೂ ಮಾಡಲು ಬರದು. ಶಾಪವಾದರೆ ಬಿಡಿಸಲು ಬರುತ್ತದೆ. ಒಮ್ಮೆ ಅಕ್ಕನ ಹತ್ತಿರ ಹೋದರೆ ಸಾಕು ಎಂದು ಬಾಗಿಲಲ್ಲೇ ಕಾದು ಕುಳಿತೆ. ಅವರು ಬಿಡಲೇ ಇಲ್ಲ.

ಒಂದು ಮುಂಜಾನೆ ನಮ್ಮ ಮನೆಯಿಂದ ತಾಳದ ಸದ್ದು ಕೇಳಿಸಿತು. ಈ ಸಲ ಮುದುಕಿಯೇ ಕೈಹಿಡಿದು ಕರೆದೊಯ್ದಳು. ಅಂಗಳದ ತುಂಬ ಜನ, ಪಡಸಾಲೆಯ ತುಂಬ ಊದಿನಕಡ್ಡಿಯ ಹೊಗೆ. ಜನರ ಕಾಲುಗಳ ನಡುವೆ ನುಸುಳಿ ಮುಂದೆ ಹೋದೆ. ಅಕ್ಕ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು! ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಅಪ್ಪ ಮಗ್ಗದಿಂದ ಇಳಿಸಿದ ಹೊಸ ಸೀರೆ ಮೈಮೇಲೆ. ಅದು ಅವಳ ಮೊದಲ ಸೀರೆ. ನಮ್ಮಲ್ಲಿ ತೀರಿಕೊಂಡವರನ್ನು ಹೀಗೆ ಕೂರಿಸಿ ಸಿಂಗರಿಸಿ, ಭಜನೆ ಮಾಡಿ, ಕೂತಂತೆಯೇ ಮಣ್ಣಿಗೆ ಕೊಡುತ್ತಾರೆ. ನಾನು ಅದುವರೆಗೆ ಅಂಥದನ್ನು ಹತ್ತಿರದಿಂದ ಕಂಡಿರಲಿಲ್ಲ. ಜ್ವರ ಇಳಿದು ಅಕ್ಕ ಎದ್ದು ಕುಳಿತಿದ್ದಾಳೆ, ಕಣ್ಣು ತೆರೆಯುವುದೊಂದೇ ಬಾಕಿ ಎಂದುಕೊಂಡೆ. ನನಗಾದ ಸಂತೋಷ ಹೇಳತೀರದು.

ಅವಳ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ: "ಉಂಬಾ ಸುಂಬಾ ಕಲ್ಲಿನ ಕಂಬಾ, ಏಳ ಬೇ ರಾಣಿ, ಕಣ್ಣ ತೆರಿ!"

ತಾಳ ನಿಂತಿತು. ಅಕ್ಕ ಅಲುಗಲಿಲ್ಲ. ತಡ ಮಾಡುವುದು ಅವಳ ಆಟವಲ್ಲವೇ? ನಾನು ನಗುತ್ತಲೇ ಕಾದೆ. "ಅಯ್ಯ ಶಿವನ, ಹುಡುಗಿಗೆ ಏನೋ ಬಡದೈತಿ, ಹೊರಗ ಒಯ್ರಿ," ಎಂದು ಯಾರೋ ನನ್ನ ರಟ್ಟೆ ಹಿಡಿದರು. ಅವ್ವ ಗೋಡೆಗೆ ತಲೆ ಬಡಿದುಕೊಂಡು ಅಳತೊಡಗಿದಳು. ಅಪ್ಪ ಎದ್ದು ಬಂದ. ಏಟು ಬೀಳುತ್ತದೆ ಎಂದು ನಾನು ಮುದುಡಿದೆ. ಅಪ್ಪ ನನ್ನ ರಟ್ಟೆಯನ್ನು ಅವರಿಂದ ಬಿಡಿಸಿ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತ.

"ಇನ್ನೊಮ್ಮೆ ಅನ್ನವ್ವಾ," ಎಂದ.

ನಾನು ಇನ್ನೊಮ್ಮೆ ಹೇಳಿದೆ. ಅಪ್ಪನೂ ನನ್ನಂತೆಯೇ ಅಕ್ಕನ ಮುಖವನ್ನು ನೋಡುತ್ತ ಕುಳಿತ. ಬಹಳ ಹೊತ್ತು ನೋಡಿದ. ಆಮೇಲೆ ದೋತರದ ಚುಂಗನ್ನು ಬಾಯಿಗೆ ತುರುಕಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಅಲುಗಿಸುತ್ತ ಅತ್ತ. ಆಗ ನನಗೆ ಗೊತ್ತಾಯಿತು. ಯಾರೂ ಹೇಳಬೇಕಾಗಲಿಲ್ಲ.

ಮರುವರ್ಷ ಡೇರೆ ಮತ್ತೆ ಬಂತು. ಓಣಿಯ ಮಕ್ಕಳೆಲ್ಲ ಚಕ್ಕಡಿಯ ಹಿಂದೆ ಓಡಿದರು. ನಾವು ಹೋಗಲಿಲ್ಲ.

ಈಗ ನಮ್ಮ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು, ಅಕ್ಕ ತಂಗಿ. ಟಿವಿಯಲ್ಲಿ ಅಂಥದೇ ಚಿತ್ರ ಹಾಕಿಕೊಂಡು, ಚುರಮರಿಯ ಡಬ್ಬಿ ನಡುವೆ ಇಟ್ಟುಕೊಂಡು, ಹೆಣ ಎದ್ದು ಬಂದರೆ ಚೀರಿ, ಮರುಕ್ಷಣ ನಗುತ್ತಾರೆ. "ಆಯಿ, ಅದು ಎದ್ದು ಬಂದ್ರ ನಿನಗ ಅಂಜಿಕಿ ಆಗೂದಿಲ್ಲೇನು?" ಎಂದು ನನ್ನನ್ನು ಕೇಳುತ್ತಾರೆ. ಇಲ್ಲ ನನ್ನವ್ವಾ, ಎದ್ದು ಬಂದವರಿಗೆ ನಾನು ಎಂದೂ ಅಂಜಿದವಳಲ್ಲ.

ಮೊನ್ನೆ ದೊಡ್ಡವಳು ಜ್ವರ ಬಂದು ಮಲಗಿದಳು. ನಾನು ಅವಳ ತಲೆದಿಂಬು ಬಿಟ್ಟು ಕದಲಲಿಲ್ಲ. ದವಾಖಾನೆಗೆ ಹೋಗಿ ಬಂದರು, ಸೂಜಿ ಆಯಿತು, ಗುಳಿಗೆ ಆಯಿತು. ಚಿಕ್ಕವಳು ಅತ್ತ ಟಿವಿ ನೋಡುತ್ತಿದ್ದಳು. "ನಿಮ್ಮಕ್ಕ ಮಲಗ್ಯಾಳ, ನಿನಗೇನೂ ಅನಸೂದಿಲ್ಲೇನ?" ಎಂದು ಗದರಿದೆ. ಅವಳು ತಿರುಗಿಯೂ ನೋಡದೆ, "ನಾಳೆ ಏಳ್ತಾಳ ಬಿಡ ಆಯಿ," ಎಂದಳು.

ಮರುದಿನ ಮುಂಜಾನೆ ದೊಡ್ಡವಳು ಎದ್ದು ಬಂದು ಹಸಿವೆ ಎಂದಳು. ಚಿಕ್ಕವಳು ತನ್ನ ಪಾಡಿಗೆ ತಾನು ಹಲ್ಲು ಉಜ್ಜುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಅತ್ತು, ಆಮೇಲೆ ದೊಡ್ಡವಳಿಗೆ ರೊಟ್ಟಿ ಬಡಿದೆ.