ಮಿಷಿನ್ ಚೀಟಿಯ ಕೆಳಗೊಂದು ಸಹಿ

ಚನ್ನಪಟ್ಟಣದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ನಾನು ನರ್ಸಾಗಿದ್ದ ಕಾಲ. ಹೆದ್ದಾರಿ ಪಕ್ಕ ಕಾರ್ಖಾನೆಗಳು ಏಳುತ್ತಿದ್ದವು. ನಮ್ಮಲ್ಲಿಗೂ ಹೊಸ ಇಸಿಜಿ ಮಿಷಿನ್ ಬಂತು. ಅದು ಎದೆಬಡಿತದ ಗೆರೆ ಎಳೆದು ಸುಮ್ಮನಾಗುತ್ತಿರಲಿಲ್ಲ. ತಾನೇ ಓದಿ, ಚೀಟಿಯ ತಲೆಯ ಮೇಲೆ ‘ನಾರ್ಮಲ್’ ಎಂದೋ ‘ಅಬ್‌ನಾರ್ಮಲ್’ ಎಂದೋ ತೀರ್ಪನ್ನೂ ಅಚ್ಚು ಹಾಕುತ್ತಿತ್ತು. ಮೊದಲು ಪ್ರತಿ ಚೀಟಿಯನ್ನೂ ಡಾಕ್ಟರು ನೋಡಿ ಸಹಿ ಹಾಕಬೇಕಿತ್ತು. ಎರಡೇ ತಿಂಗಳಲ್ಲಿ ಆ ಪದ್ಧತಿ ಹೇಳದೆ ಕೇಳದೆ ಮಾಯವಾಯಿತು. ನನಗೆ ಮೈ ಉರಿಯುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ ಹೊಂಗನೂರಿನಿಂದ ರೇಷ್ಮೆಹುಳು ಸಾಕುವ ಹೆಂಗಸೊಬ್ಬರು ಬಂದರು. ಎದೆ ಹಿಡಿದಂತಿತ್ತು, ದವಡೆಯೂ ನೋವು. ಗ್ಯಾಸೆಂದು ಸೋಡಾ ಕುಡಿದು ಬಸ್ಸು ಹತ್ತಿದ್ದರು. ಮಿಷಿನ್ ‘ನಾರ್ಮಲ್’ ಎಂದಿತು. ಹೊಸದಾಗಿ ಸೇರಿದ್ದ ಡಾಕ್ಟರು ಆ ಪದವನ್ನಷ್ಟೇ ಓದಿ ಮಾತ್ರೆ ಬರೆದರು. ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದರು. ನಾನು ತಡೆದೆ.

“ಮಿಷಿನ್ನೇ ಸರ್ಯಾಗೈತೆ ಅಂದೈತಲ್ಲ ಸಿಸ್ಟರಮ್ಮ, ಬುಟ್ಬುಡಿ. ಹುಳ ಹಣ್ಣಾಗವೆ, ಇವತ್ತೇ ಗೂಡು ಕಟ್ಟಕ್ಕೆ ಬಿದಿರ ಚಂದ್ರಿಕೆಗೆ ಬುಡ್ಬೇಕು.”

ಫ್ಯಾನಿನ ಕೆಳಗೆ ಕೂತಿದ್ದರೂ ಆಕೆಯ ಹಣೆಯಲ್ಲಿ ತಣ್ಣನೆ ಬೆವರು. ನನ್ನ ತಾಳ್ಮೆ ಕೆಟ್ಟಿತು. ಚೀಟಿಯನ್ನು ಡಾಕ್ಟರ ಮುಂದಿಟ್ಟೆ.

“ಸಹಿ ಹಾಕಿ ಸಾರ್.”

“ಮಿಷಿನ್ನೇ ಹೇಳಿದೆಯಲ್ಲ ಸಿಸ್ಟರ್?”

“ನಾಳೆ ಏನಾದ್ರೂ ಆದ್ರೆ ಇವರ ಮನೆಯೋರು ಮಿಷಿನ್ನ ಕೇಳಕ್ಕಾಯ್ತದಾ? ನಿಮ್ಮನ್ನೇ ಕೇಳೋದು. ನಾರ್ಮಲ್ ಅಂತ ನೀವು ಒಪ್ಪೋದಾದ್ರೆ ಸಹಿ ಹಾಕಿ, ಕಳಿಸ್ತೀನಿ.”

ಅವರು ಸಿಡುಕುತ್ತಲೇ ಪೆನ್ನು ಊರಿದರು. ಒಂದು ಚುಕ್ಕೆ ಬಿತ್ತು, ಕೈ ಅಲ್ಲೇ ನಿಂತಿತು. ತಲೆಯೆತ್ತಿ, ಮೊದಲ ಸಲ ಆಕೆಯ ಮುಖ ನೋಡಿದರು. “ಅಮ್ಮಾ, ಹೋಗ್ಬೇಡಿ, ಮಲಗಿ,” ಎಂದರು.

ಅರ್ಧ ಗಂಟೆ ಬಿಟ್ಟು ತೆಗೆದ ಚೀಟಿಯಲ್ಲಿ ಗೆರೆಯೇ ಬದಲಾಗಿತ್ತು. ಹೃದಯಾಘಾತ. ಆಸ್ಪಿರಿನ್ ಕೊಟ್ಟು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಸ್ಟ್ರೆಚರಿನ ಮೇಲೂ ಆಕೆಗೆ ಹುಳದ್ದೇ ಚಿಂತೆ. ನಾನೇ ಅವರ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದೆ.

ತಿಂಗಳಾದ ಮೇಲೆ ಆಕೆ ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡೇ ಬಂದರು! ಡಾಕ್ಟರು ಎದ್ದು ನಿಂತು, “ಅವತ್ತು ನಿಮ್ಮನ್ನ ಮನೆಗೆ ಕಳಿಸಿಬಿಡ್ತಿದ್ದೆ ಅಮ್ಮ. ತಪ್ಪು ನಂದು,” ಎಂದರು. ಹಾಗೆ ಒಪ್ಪಿಕೊಂಡ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಬುಡಿ ಸಾಮಿ, ಬದುಕಿವ್ನಲ್ಲ ನಾನು. ಪಕ್ಕದ್ಮನೆಯೋರು ಹುಳ ಬುಟ್ಕೊಟ್ರು, ಗೂಡೂ ಗಟ್ಟಿಯಾಗಿ ಬಂದ್ವು. ಮುಂದಿನ ಬೆಳೆ ಸಾಕ್ಬೋದಾ, ಅದೇಳಿ.”

ಮತ್ತೆ ಇಸಿಜಿ ತೆಗೆದೆ. ಈ ಸಲ ಮಿಷಿನ್ ‘ಅಬ್‌ನಾರ್ಮಲ್’ ಎಂದಿತು. ಡಾಕ್ಟರು ಆ ಪದವನ್ನು ಹೆಬ್ಬೆರಳಿನಿಂದ ಮುಚ್ಚಿ, ಗೆರೆಯನ್ನೆಲ್ಲ ನಿಧಾನವಾಗಿ ಓದಿ, ಆಕೆಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಗೆರೆಯಲ್ಲಿ ಅಂದಿನ ಹೃದಯಾಘಾತದ ಗಾಯದ ಗುರುತಷ್ಟೇ ಉಳಿದಿತ್ತು. ‘ಹುಳು ಸಾಕಬಹುದು, ಭಾರ ಎತ್ತಬಾರದು’ ಎಂದು ಕನ್ನಡದಲ್ಲೇ ಬರೆದು, ನಾನು ಕೇಳುವ ಮೊದಲೇ ಕೆಳಗೆ ಸಹಿ ಹಾಕಿದರು.