ಮೀಟರ್ ಇದ್ದ ಜಾಗ

ಹಳೇ ಕಾರುಗಳ ನಮ್ಮ ಕ್ಲಬ್ಬು ಯಾಕೆ ಮುಚ್ಚಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ನಮ್ಮವರೆಲ್ಲ ಹೇಳುವ ಸಿದ್ಧ ಉತ್ತರ ಒಂದಿದೆ: ಈಗಿನವರಿಗೆ ಹಳೇ ಗಾಡಿ ಬೇಡ, ಸ್ಪೇರ್ ಪಾರ್ಟ್ ಸಿಗುವುದಿಲ್ಲ, ಸೊಸೈಟಿಗಳಲ್ಲಿ ಪಾರ್ಕಿಂಗ್ ಇಲ್ಲ. ಪಾರ್ಕಿಂಗ್ ಇಲ್ಲ ಅನ್ನುವುದು ನಿಜ. ಮಿಕ್ಕದ್ದೆಲ್ಲ ಕುಣಿಯಲಾರದವಳು ನೆಲ ಡೊಂಕು ಅಂದಂತೆ.

ನಾನು ಮೈಸೂರಿನವನು. ಐರೋಲಿಯ ಒಂದು ಕಂಪನಿಯಲ್ಲಿ ಫೈನಾನ್ಸ್ ಕೆಲಸ, ಥಾಣೆಯಲ್ಲಿ ಎರಡು ಕೋಣೆಯ ಮನೆ. ಎರಡು ಸಾವಿರದ ಮೂರರಲ್ಲಿ ನಮ್ಮ ಕಟ್ಟಡದ ನಿವೃತ್ತ ಡಾಕ್ಟರೊಬ್ಬರಿಂದ ಬಿಳಿ ಪದ್ಮಿನಿ ಕಾರು ಕೊಂಡೆ. ಸ್ಟೀರಿಂಗಿನ ಪಕ್ಕದಲ್ಲೇ ಗೇರು ಇರುವ ಗಾಡಿ. ಹೆಂಡತಿ ಮೊದಲ ದಿನವೇ, "ಇದನ್ನ ತಂದಿದ್ದೀರಲ್ಲ, ಹಾಲು ಕರೆಯತ್ತಾ?" ಎಂದು ಕೇಳಿದಳು. ಕ್ಲಬ್ಬಿಗೆ ಸೇರಿದ್ದು ಹೀಗೆ ಹೊಟ್ಟೆ ಉರಿಸುವವರು ಇಲ್ಲದ ಕಡೆ ಒಂದಿಷ್ಟು ಹೊತ್ತು ಕೂರಬಹುದು ಅಂತ.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆಯ ದಂಡೆಯಲ್ಲಿ ನಮ್ಮ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಆಗ ಇಪ್ಪತ್ತಕ್ಕಿಂತ ಹೆಚ್ಚಿದ್ದವು. ವಾಕಿಂಗ್ ಬಂದವರು ನಿಂತು ನೋಡಿ ತಮ್ಮ ಮದುವೆಯ ಕಾರಿನ ಕಥೆ ಹೇಳುತ್ತಿದ್ದರು. ಅಧ್ಯಕ್ಷರು ಕರಾವಳಿ ಕಡೆಯವರು, ಡೊಂಬಿವಲಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸಿದವರು. ಅವರದು ಕಪ್ಪು ಅಂಬಾಸಿಡರ್. ರಬಾಳೆಯಲ್ಲಿ ಅವರ ಭಾವನ ಕಾರ್ಖಾನೆ ಮುಚ್ಚಿ, ಶೆಡ್ಡು ಖಾಲಿ ಬಿದ್ದಿತ್ತು. ಮನೆಯಲ್ಲಿ ಜಾಗವಿಲ್ಲದ ಸದಸ್ಯರು ಅಲ್ಲಿ ಕಾರು ನಿಲ್ಲಿಸಬಹುದಿತ್ತು. ನಮ್ಮ ಸೊಸೈಟಿ ಕಾಂಪೌಂಡಿನಲ್ಲಿ ಪೈಪ್‌ಲೈನ್ ಅಗೆದ ಮೇಲೆ ನನ್ನ ಪದ್ಮಿನಿಯೂ ಅಲ್ಲೇ ಇತ್ತು. ಆ ಶೆಡ್ಡಿಲ್ಲದಿದ್ದರೆ ಮಾರಬೇಕಾಗುತ್ತಿತ್ತು.

ಹೊಸಬರನ್ನು ಸೇರಿಸಿಕೊಳ್ಳಲು ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಧ್ಯಕ್ಷರು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ ಹಿಡಿದು ಬಂದವರ ಗಾಡಿಯ ಸುತ್ತ ನಿಧಾನವಾಗಿ ಬರುತ್ತಿದ್ದರು. ತಗಡು ಇದ್ದಲ್ಲಿ ಅದು ಗಪ್ಪನೆ ಅಂಟಿಕೊಳ್ಳುತ್ತದೆ. ತುಕ್ಕು ಹಿಡಿದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಜಾರಿ ಬೀಳುತ್ತದೆ. ಉಳಿದವರು ಚಹಾದ ಗ್ಲಾಸು ಹಿಡಿದು ಹಿಂದೆ ಹಿಂದೆ ನಡೆಯುವುದು. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರ ಗತ್ತೇ ಗತ್ತು. ಬಂದವನು ಪಾಪ, ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ.

ನಮ್ಮ ಗಾಡಿಗಳಿಗೆ ಆ ಪರೀಕ್ಷೆ ಆದದ್ದು ಯಾವ ಕಾಲದಲ್ಲೋ. ನನ್ನ ಗಾಡಿಯ ಎಡ ಬಾಗಿಲಿನ ಕೆಳಗೆ ಒಂದು ಗೇಣು ಪುಟ್ಟಿ ಇತ್ತು, ಸೇರಿದ ಮೇಲೆ ಹಾಕಿಸಿದ್ದು. ಎಲ್ಲರದ್ದೂ ಹೀಗೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ವರ್ಷ ಕಳೆದಂತೆ ಸಾಲು ಮೋಟಾಯಿತು. ಒಬ್ಬರು ಪುಣೆಗೆ ಹೋದರು, ಇಬ್ಬರು ಮಾರಿದರು, ಒಬ್ಬರು ತೀರಿಕೊಂಡ ಮೇಲೆ ಮಗ ಗಾಡಿಯನ್ನು ರೆಸಾರ್ಟಿಗೆ ಕೊಟ್ಟ, ಬಾಗಿಲಲ್ಲಿ ನಿಲ್ಲಿಸಲು. ಆಗ ನಮಗೆ ಹೊಸಬರ ನೆನಪಾಯಿತು. "ಹೊಸಬರಿಗೆ ಸ್ವಾಗತ" ಎಂದು ಮರಾಠಿ, ಇಂಗ್ಲಿಷಿನಲ್ಲಿ ಬ್ಯಾನರ್ ಬರೆಸಿದೆವು. ಬಂದರು ಕೂಡ. ಬೆಂಗಳೂರಿನಿಂದ ಬಂದು ನವಿ ಮುಂಬಯಿಯಲ್ಲಿ ಐಟಿ ಕೆಲಸದಲ್ಲಿದ್ದ ಒಬ್ಬಳು ಅಜ್ಜನ ಕಾರು ತಂದಿದ್ದಳು. ಸೀಟಿನ ಕವರು ಒರಿಜಿನಲ್ ಅಲ್ಲ, ಹಾರ್ನು ಬೇರೆ ಎಂದು ನಮ್ಮವರು ಅರ್ಧ ಗಂಟೆ ಅವಳ ತಲೆ ತಿಂದರು. ಕೊನೆಗೆ ಅವಳು, "ಅಂಕಲ್, ನಾನು ಕಾರು ತೋರಿಸೋಕೆ ಬಂದಿದ್ದೆ, ವೈವಾ ಕೊಡೋಕಲ್ಲ" ಎಂದು ಹೇಳಿ ಹೊರಟೇಹೋದಳು. ಈಗಿನವರಿಗೆ ತಾಳ್ಮೆ ಇಲ್ಲ ಎಂದು ಆ ದಿನ ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ವಿಜಯಪುರದವರೊಬ್ಬರು ನಮಗೆ ಸಿಕ್ಕಿದ್ದು ಬದಲಾಪುರದ ದಾರಿಯಲ್ಲಿ. ಒಂದು ಭಾನುವಾರ ಎಲ್ಲರೂ ಸಾಲಾಗಿ ಅತ್ತ ಹೊರಟಿದ್ದಾಗ ಅಧ್ಯಕ್ಷರ ಅಂಬಾಸಿಡರ್ ನಡುರಸ್ತೆಯಲ್ಲಿ ನಿಂತಿತು. ಬಾನೆಟ್ ಎತ್ತಿ ಐದಾರು ಜನ ಪಂಡಿತರು ಚರ್ಚೆ ನಡೆಸುತ್ತಿದ್ದಾಗ ಲೋಡಿಂಗ್ ಟೆಂಪೋ ಒಂದು ನಿಂತಿತು. ಇಳಿದವರು ನಮ್ಮ ಕನ್ನಡ ಕೇಳಿ, "ಸರೀರಿ ಸಾಹೇಬ್ರ, ನಾ ನೋಡ್ತೀನಿ" ಎಂದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರ ಗೀರುವ ಪಟ್ಟಿಯಿಂದಲೇ ಎಂಜಿನ್ನಿಗೆ ಕಿಡಿ ಹಾಯಿಸುವ ಪಾಯಿಂಟ್ ಉಜ್ಜಿ, "ಹಚ್ರಿ ಈಗ" ಎಂದರು. ಗಾಡಿ ಶುರುವಾಯಿತು.

ಹತ್ತೊಂಬತ್ತು ವರ್ಷ ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿ ಓಡಿಸಿದವರು. ಟ್ಯಾಕ್ಸಿಗೆ ವಯಸ್ಸಾಯಿತೆಂದು ಪರ್ಮಿಟ್ ಹೋದ ಮೇಲೆ ರಬಾಳೆಯ ಕಾರ್ಖಾನೆಯೊಂದರ ಟೆಂಪೋಗೆ ಬಂದಿದ್ದರು. ಆದರೆ ಟ್ಯಾಕ್ಸಿಯನ್ನು ಗುಜರಿಗೆ ಹಾಕದೆ, ಕಾಗದಪತ್ರ ಖಾಸಗಿಗೆ ಬದಲಾಯಿಸಿ, ಥಾಣೆ ಪಕ್ಕದ ಕಳವಾ ಊರಿನ ತಮ್ಮ ಗಲ್ಲಿಯಲ್ಲಿ ರೈಲ್ವೆ ಗೋಡೆಯ ಪಕ್ಕ ನಿಲ್ಲಿಸಿಕೊಂಡಿದ್ದರು. ಅದೂ ಪದ್ಮಿನಿಯೇ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಒಮ್ಮೆ ಕೇಳಿದ್ದೆ.

"ಹತ್ತೊಂಬತ್ತ ವರ್ಷ ಅದರಾಗ ಕುಂತೀನ್ರಿ. ಮನ್ಯಾಗ ಅಷ್ಟ ಕುಂತಿಲ್ಲ" ಎಂದರು.

ಮುಂದೆ ಮೂರು ವರ್ಷ, ಪ್ರತಿ ಮೊದಲ ಭಾನುವಾರ ಅವರು ಬಂದರು. ನೆಲಕ್ಕೆ ಪೇಪರು ಹಾಸಿ ನಮ್ಮ ಗಾಡಿಗಳ ಕೆಳಗೆ ಮಲಗಿ ಬ್ರೇಕು, ಕ್ಲಚ್ಚು, ಕಾರ್ಬ್ಯುರೇಟರ್ ಎಲ್ಲ ಸರಿಮಾಡಿದರು. ನನಗಿಂತ ಎರಡು ವರ್ಷ ದೊಡ್ಡವರು. ಕ್ಲಬ್ಬಿನಲ್ಲಿ ಉಳಿದವರೆಲ್ಲ ಅವರನ್ನು ಏಕವಚನದಲ್ಲಿ ಕರೆದು, ಹಿಂದಿಯಲ್ಲಾದರೆ "ತೂ" ಎನ್ನುತ್ತಿದ್ದರು. ಸದಸ್ಯರಾಗಿ ಎಂದು ಒಬ್ಬರೂ ಹೇಳಲಿಲ್ಲ. ಬ್ಯಾನರ್ ಅವರ ತಲೆಯ ಮೇಲೇ ತೂಗುತ್ತಿತ್ತು.

ಆಮೇಲೆ ಕಳವಾ ಊರಿನ ಆ ರಸ್ತೆಯನ್ನು ಅಗಲ ಮಾಡುವ ಸುದ್ದಿ ಬಂತು. ಗೋಡೆಯ ಪಕ್ಕದ ಗಾಡಿಗಳನ್ನು ತೆಗೆಯದಿದ್ದರೆ ಎಳೆದೊಯ್ಯುತ್ತೇವೆ ಎಂದು ಚೀಟಿ ಅಂಟಿಸಿದ್ದರು. ವಿಜಯಪುರದವರು ನನ್ನ ಹತ್ತಿರ ಬಂದು ಕೇಳಿದರು.

"ಸಾಹೇಬ್ರ, ಶೆಡ್ಡಿನ್ಯಾಗ ನಮ್ಮ ಗಾಡಿಗಿ ಒಂದ್ ಮೂಲಿ ಸಿಗ್ತೈತೇನ್ರಿ?"

"ಅಲ್ಲಿ ಮೆಂಬರ್‌ಗಳಿಗೆ ಮಾತ್ರ. ನೀವು ಮೆಂಬರ್ ಆಗ್ಬಿಡಿ, ನಾನು ಹೆಸರು ಸೂಚಿಸ್ತೀನಿ" ಎಂದೆ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಸುಮ್ಮನಾಗಲಿಲ್ಲ.

ಅವರ ಗಾಡಿ ನೋಡಲು ಕಳವಾಕ್ಕೆ ಹೋದೆ. ನಮ್ಮ ಯಾರ ಗಾಡಿಗಿಂತಲೂ ಗಟ್ಟಿ ಇತ್ತು, ಎಲ್ಲೂ ತುಕ್ಕಿಲ್ಲ. ಆದರೆ ಎಡಗಡೆ ಮುಂದಿನ ಮಡ್‌ಗಾರ್ಡಿನ ಮೇಲೆ, ಟ್ಯಾಕ್ಸಿ ಮೀಟರ್ ಕೂರಿಸಿದ್ದ ಕಡೆ, ಬೆರಳು ತೂರುವಂಥ ಎರಡು ತೂತು. ಹತ್ತೊಂಬತ್ತು ವರ್ಷ ಎಡ ಕಿಟಕಿಯಿಂದ ಕೈ ಚಾಚಿ ಮೀಟರಿನ ಹಿಡಿ ಬೀಳಿಸಿ ಬೀಳಿಸಿ ಆ ಜಾಗದ ತಗಡು ತಟ್ಟೆಯಷ್ಟು ಅಗಲ ತಗ್ಗಾಗಿತ್ತು.

"ಇದನ್ನ ಮುಚ್ಚಿಸ್ಬಿಡಿ. ಹಾಗೇ ಇಡೀ ಗಾಡಿಗೆ ಒಂದೇ ಬಣ್ಣ ಹೊಡೆಸಿ" ಎಂದೆ.

"ಯಾಕ್ರಿ? ಟ್ಯಾಕ್ಸಿ ಇತ್ತು, ಟ್ಯಾಕ್ಸಿ ಹಂಗಽ ಕಾಣ್ತೈತಿ. ನಾ ಏನ್ ಕದ್ದ ತಂದೀನೇನ್ರಿ?"

"ನಿಮಗೆ ಗೊತ್ತಾಗಲ್ಲ. ಇವರ ಸ್ವಭಾವ ನನಗೆ ಗೊತ್ತು. ನಾನು ಹೇಳಿದ ಹಾಗೆ ಮಾಡಿ."

ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ. ಅವರು ಟ್ಯಾಕ್ಸಿ ಓಡಿಸಿದವರೆಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರಿಂದ ಮುಚ್ಚಲು ಹೊರಟಿದ್ದೆ? ನಮ್ಮಂಥ ನೌಕರಿ ಜನಕ್ಕೆ ಗೊತ್ತಿರುವುದರಿಂದ ತೊಂದರೆ ಇಲ್ಲ, ಕಣ್ಣಿಗೆ ಕಾಣಬಾರದು ಅಷ್ಟೆ. ಇಪ್ಪತ್ತು ವರ್ಷ ಆಫೀಸಿನಲ್ಲಿ ಕಲಿತ ಜಾಣತನವನ್ನು ಅವರ ಗಾಡಿಗೆ ಬಳಿಸಿದೆ.

ಕಲ್ಯಾಣದಲ್ಲಿ ಪರಿಚಯದ ಪೇಂಟರ್ ಹತ್ತಿರ ಅವರು ಮೂರು ಭಾನುವಾರ ಕೂತು ಕೆಲಸ ಮಾಡಿಸಿದರು. ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಇಡೀ ಗಾಡಿಗೆ ಕೆನೆ ಬಣ್ಣ. ಪರೀಕ್ಷೆಯ ದಿನ ಇಸ್ತ್ರಿ ಶರ್ಟು ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಬಂದಿದ್ದರು. ಕಾಲೇಜಿಗೆ ಹೋಗುವ ಹುಡುಗಿ. ನಾನು ಕನ್ನಡದಲ್ಲಿ ಮಾತಾಡಿಸಿದರೆ ನಗುತ್ತ ಹಿಂದಿಯಲ್ಲಿ ಉತ್ತರ ಕೊಟ್ಟಳು.

ಅಷ್ಟು ಹೊತ್ತಿಗೆ ನಾವು ಉಳಿದಿದ್ದು ಏಳೇ ಜನ. ಏಳೂ ಜನ ಚಹಾ ಹಿಡಿದು ಹಿಂದೆ ನಡೆದೆವು. ಅಧ್ಯಕ್ಷರು ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಮುಗಿಸಿ ಕೊನೆಗೆ ಎಡ ಮಡ್‌ಗಾರ್ಡಿಗೆ ಬಂದರು. ಅಯಸ್ಕಾಂತ ಜಾರಿ ಕೆಳಗೆ ಬಿತ್ತು. ಎತ್ತಿ ಮತ್ತೆ ಇಟ್ಟರು. ಮತ್ತೆ ಬಿತ್ತು.

"ಇಲ್ಲಿ ತಗಡೇ ಇಲ್ಲ ಮಾರಾಯ. ಪೂರಾ ಪುಟ್ಟಿ. ಇದನ್ನು ಹಾಕ್ಲಿಕ್ಕೆ ಯಾರು ಹೇಳಿದ್ದು ನಿನಗೆ?" ಎಂದು ಕೇಳಿದರು.

ವಿಜಯಪುರದವರು ನನ್ನ ಕಡೆ ನೋಡಿದರು. ಒಂದೇ ಸಲ.

"ನಾನಽ ಹಾಕಿಸೀನ್ರಿ. ನನಗ ತಿಳೀಲಿಲ್ಲ" ಎಂದರು.

ಡೊಂಬಿವಲಿಯ ಇನ್ನೊಬ್ಬ ಸದಸ್ಯರು ನಿಯಮದ ಪುಸ್ತಕ ತೆಗೆದರು. ಮುಚ್ಚಿಟ್ಟ ರಿಪೇರಿ ಇರುವ ಗಾಡಿಯನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಅದರಲ್ಲಿತ್ತು. ಟ್ಯಾಕ್ಸಿಯನ್ನು ಸೇರಿಸಬಾರದೆಂದು ಮಾತ್ರ ಎಲ್ಲೂ ಇರಲಿಲ್ಲ. ಟ್ಯಾಕ್ಸಿಯವನು ನಮ್ಮ ಸಾಲಿನಲ್ಲಿ ಬೇಡ ಎನ್ನುವುದು ಮೂರ್ನಾಲ್ಕು ಜನರ ಹೊಟ್ಟೆಯಲ್ಲಿ ಮೊದಲಿಂದ ಇತ್ತು, ಬಾಯಿಬಿಟ್ಟು ಹೇಳಲು ನಾಚಿಕೆ. ತೂತುಗಳು ಹಾಗೇ ಇದ್ದಿದ್ದರೆ ಅವರಿಗೆ ಹೇಳಲು ಕಾರಣವೇ ಇರುತ್ತಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಆ ಕೋಲನ್ನು ನಾನೇ ಕಲ್ಯಾಣದಲ್ಲಿ ಮಾಡಿಸಿ ಕೊಟ್ಟಿದ್ದೆ.

ನಾನು ಹೇಳಬೇಕಾಗಿದ್ದದ್ದು ಮೂರು ಶಬ್ದ. ನಾನೇ ಹಾಕಿಸಲು ಹೇಳಿದ್ದು. ಹೇಳಲಿಲ್ಲ. ಹೇಳಿದರೆ ಅಯಸ್ಕಾಂತ ನೇರ ನನ್ನ ಎಡ ಬಾಗಿಲಿಗೆ ಬರುತ್ತದೆ, ಶೆಡ್ಡಿನ ಜಾಗ ಹೋಗುತ್ತದೆ ಎಂದು ಹೆದರಿದೆ. ಗ್ಲಾಸಿನಲ್ಲಿ ಚಹಾ ಮುಗಿದಿತ್ತು, ಆದರೂ ಕುಡಿಯುತ್ತಲೇ ಇದ್ದೆ.

"ಬೇಜಾರು ಮಾಡಬೇಡ. ಮುಂಚಿನ ಹಾಗೆ ಬರ್ತಾ ಇರು" ಎಂದು ಅಧ್ಯಕ್ಷರು ಅವರ ಬೆನ್ನು ತಟ್ಟಿದರು. ಬಂದು ನಮ್ಮ ಗಾಡಿ ರಿಪೇರಿ ಮಾಡು ಅಂತ! ಅವರು "ಆಗಲ್ರಿ" ಎಂದು ಮಗಳನ್ನು ಕೂರಿಸಿಕೊಂಡು ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿದ ಏಳು ಜನ, ಒಬ್ಬ ಅಪ್ಪನನ್ನು ಅವನ ಮಗಳ ಮುಂದೆ ಸುಳ್ಳುಗಾರ ಮಾಡಿ ಕಳಿಸಿ, ಆಮೇಲೆ ಪೋಹೆ ತಿಂದೆವು.

ಹದಿನೈದು ದಿನ ಬಿಟ್ಟು ಅವರ ಫೋನು ಬಂತು. ಶೆಡ್ಡಿನ ಹೊರಗೆ, ಗೇಟಿನ ಒಳಗೆ, ಒಂದು ತಿಂಗಳು ನಿಲ್ಲಿಸಲು ಆಗುತ್ತದೆಯೇ, ಅಷ್ಟರಲ್ಲಿ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದರು. ಬೈಯಲಿಲ್ಲ, ಆ ದಿನದ ಮಾತೂ ಎತ್ತಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ಕ್ವಾರ್ಟರ್ ಎಂಡ್, ಆಫೀಸಿನ ಗಡಿಬಿಡಿ, ಮುಂದಿನ ಭಾನುವಾರ ಅಧ್ಯಕ್ಷರನ್ನು ಎದುರಿಗೇ ಕೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಟು ದಿನದ ಮೇಲೆ ಅಂತೂ ಫೋನು ಮಾಡಿದಾಗ ಮಗಳು ಎತ್ತಿದಳು. ಅಪ್ಪ ಎಲ್ಲಮ್ಮ ಎಂದೆ.

"ಪಪ್ಪಾ ಗಾಡಿ ಛೋಡ್ನೇ ಗಯೇ ಹೈಂ, ಕಲ್ಯಾಣ್. ಭಂಗಾರ್‌ವಾಲೇ ಕೇ ಪಾಸ್" ಎಂದಳು. ಗಾಡಿಯನ್ನು ಗುಜರಿಯವನಿಗೆ ಬಿಟ್ಟು ಬರಲು ಹೋಗಿದ್ದರು. ಯಾರೋ ಎಳೆದುಕೊಂಡು ಹೋಗುವುದನ್ನು ನೋಡಲಾರೆ ಎಂದು ತಾವೇ ನಡೆಸಿಕೊಂಡು ಹೋದರಂತೆ. ಯಾವಾಗ ಬರುತ್ತಾರೆ ಎಂದು ಕೇಳಿದೆ. "ಅಬ್ ತೋ ಟ್ರೇನ್ ಸೇ ಆಯೇಂಗೇ, ಅಂಕಲ್" ಎಂದಳು. ಇನ್ನು ರೈಲಿನಲ್ಲೇ ಬರುತ್ತಾರೆ ಅಂತ.

ಮುಂದಿನ ಭಾನುವಾರ ಅವರು ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಎರಡು ವರ್ಷದಲ್ಲಿ ನಾವು ನಾಲ್ವರಾದೆವು. ಗಾಡಿಗಳು ಒಂದೊಂದಾಗಿ ಶೆಡ್ಡಿನಲ್ಲೇ ಕೂತವು. ಈಗಿನ ಗ್ಯಾರೇಜಿನವರಿಗೆ ಪಾಯಿಂಟ್ ಎಂದರೆ ಏನೆಂದೇ ತಿಳಿಯದು. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ನಾನು ಮತ್ತು ಅಧ್ಯಕ್ಷರು ಇಬ್ಬರೇ ಇದ್ದೆವು. ಅಂಬಾಸಿಡರ್ ಎಷ್ಟು ಸೆಲ್ಫ್ ಹೊಡೆದರೂ ಶುರುವಾಗಲಿಲ್ಲ.

"ಆ ವಿಜಯಪುರದವನಿಗೆ ಒಂದು ಫೋನು ಮಾಡಿ ಮಾರಾಯ್ರೆ. ಬೇಕಾದ್ರೆ ಮೆಂಬರ್ ಮಾಡುವ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು, ಮೈಯೆಲ್ಲ ಉರಿದುಹೋಯಿತು. "ಯಾವ ಮುಖ ಇಟ್ಕೊಂಡು ಕರೀತೀರಿ? ಮೂರು ವರ್ಷ ಆ ಮನುಷ್ಯನ ಕೈಯಲ್ಲಿ ಚಾಕರಿ ಮಾಡಿಸ್ಕೊಂಡ್ರಿ. ಒಂದು ಮೂಲೆ ಕೊಡೋಕೆ ನಿಯಮದ ಪುಸ್ತಕ ತೆಗೆದ್ರಿ. ಅವರ ಗಾಡಿ ಗುಜರಿಗೆ ಹೋಯ್ತು, ಗೊತ್ತಾ ನಿಮಗೆ?" ಎಂದು ಕೂಗಿದೆ. ಕೂಗಿದ ಭರದಲ್ಲಿ, ಎರಡು ವರ್ಷ ಗಂಟಲಲ್ಲಿದ್ದದ್ದೂ ಹೊರಗೆ ಬಂತು. "ಆ ಪುಟ್ಟಿ ಹಾಕ್ಸಿ ಅಂತ ಹೇಳಿದ್ದು ನಾನು."

ಅಧ್ಯಕ್ಷರು ಸ್ಟೀರಿಂಗಿನ ಮೇಲಿಂದ ಕೈ ತೆಗೆಯದೆ ನನ್ನನ್ನು ನೋಡಿದರು.

"ಗೊತ್ತುಂಟು. ಅವತ್ತೇ ಗೊತ್ತಾಯ್ತು. ಅವನು ನಿಮ್ಮನ್ನು ನೋಡಿದ್ದನ್ನು ನಾವೆಲ್ಲ ನೋಡಿದ್ದೇವಲ್ಲ. ನೀವು ಹೌದು ಅಂತ ಒಂದು ಮಾತು ಹೇಳಿದ್ರೆ ನಾನು ಅವನನ್ನು ಬೇಡ ಅಂತ ಹೇಳ್ತಿರ್ಲಿಲ್ಲ. ಸ್ವಲ್ಪ ಹೊತ್ತು ಕಾದೆ ಕೂಡ" ಎಂದರು. "ನೀವು ಚಹಾ ಕುಡೀತಾ ಇದ್ರಿ."