ಮೂವತ್ತೈದಕ್ಕೆ ನಿಲ್ಲುತ್ತಿದ್ದ ಅಪ್‌ಡೇಟ್

ಇಚಲಕರಂಜಿಯಲ್ಲಿ ನಾನು ಸೀರೆಯ ಅಂಚಿನ ಡಿಸೈನ್ ಮಾಡುತ್ತೇನೆ. ಕೆಲಸ ಕಲಿಸಿದವರು ನನ್ನ ಸೋದರಮಾವ. ಅವರು ಗ್ರಾಫ್ ಕಾಗದದ ಮೇಲೆ ಚೌಕ ಚೌಕ ತುಂಬಿ ಚಿತ್ರ ಬಿಡಿಸುತ್ತಿದ್ದರು. ನಾನು ಅದನ್ನು ಕಂಪ್ಯೂಟರಿಗೆ ಇಳಿಸಿ ಮಗ್ಗಕ್ಕೆ ಹೊಂದುವ ಫೈಲ್ ಮಾಡುತ್ತಿದ್ದೆ. ಕಣ್ಣು ಮಂಜಾದ ಮೇಲೆ ಅವರು ಗಡಹಿಂಗ್ಲಜದ ಮಗಳ ಮನೆಗೆ ಹೋದರು. ಹೋಗುವಾಗ ಗೆದ್ದಲು ಹತ್ತಿದ ಕಾಗದದ ಕಟ್ಟುಗಳನ್ನು ತೋರಿಸಿ, "ಇವನ್ನ ಏನ ಮಾಡೂದು?" ಎಂದು ಕೇಳಿದ್ದರು.

"ಎಲ್ಲಾ ಕಂಪ್ಯೂಟರಿನಾಗ ಅದಾವ್ರಿ ಮಾಮಾ. ರದ್ದಿಗೆ ಹಾಕೂಣು" ಎಂದವಳು ನಾನೇ.

ಕಳೆದ ವರ್ಷ ಒಂದು ವಾರವಿಡೀ ಆ ಕಂಪ್ಯೂಟರಿನ ಅಪ್‌ಡೇಟ್ ಮೂವತ್ತೈದು ಪರ್ಸೆಂಟಿಗೆ ಬಂದು ನಿಲ್ಲತೊಡಗಿತು. ಏನೋ ಎರರ್ ತೋರಿಸಿ, ಮಾಡಿದ್ದನ್ನೆಲ್ಲ ಹಿಂತೆಗೆದುಕೊಂಡು, ಮತ್ತೆ ಚಾಲೂ ಆಗುತ್ತಿತ್ತು. ನೆಟ್ ಸರಿಯಿಲ್ಲವೆಂದುಕೊಂಡೆ. ಜಾಗ ಸಾಲದೇನೋ ಎಂದು ಹಳೆಯ ಫೋಟೋ ಅಳಿಸಿದೆ. ಒಂದೇ ದಿನ ನಾಲ್ಕು ಸಲ ಹಚ್ಚಿದೆ. ಐದನೆಯ ಸಲ ಪೆಟ್ಟಿಗೆಯೊಳಗಿಂದ ಟಿಕ್, ಟಿಕ್ ಎಂದು ಸದ್ದು ಬಂತು. ಮಾಮಾ ಅವರ ಚಿತ್ರಗಳಿದ್ದ ಫೋಲ್ಡರ್ ತೆರೆಯಹೋದರೆ ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಕಾಗದಗಳು ರದ್ದಿಗೆ ಹೋಗಿದ್ದವು, ಬೇರೆ ನಕಲೂ ಇರಲಿಲ್ಲ.

ಕೊಲ್ಹಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರಿದ್ದರು. ಫೋನ್ ಮಾಡಿದೆ.

"ಅಪ್‌ಡೇಟಿಂದು ತಪ್ಪಿಲ್ರಿ ಅಕ್ಕಾರ, ಡಿಸ್ಕ್ ಕೆಡಾಕತ್ತೈತಿ" ಎಂದರು. "ಬರಿಯಾಕ ಹೋದಲ್ಲಿ ಜಾಗಾನ ಸತ್ತಿರತೈತಿ, ಅದಕ್ಕ ಅಲ್ಲೇ ನಿಲ್ಲತೈತಿ. ಮತ್ತ ಮತ್ತ ಹಚ್ಚಿ ಅದನ್ನ ದಣಿಸಬ್ಯಾಡ್ರಿ. ಈಗಿಂದೀಗ ಬಂದ್ ಮಾಡ್ರಿ."

ಬಂದ್ ಮಾಡಿ, ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಉಬ್ಬು ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದೆ. ಕಂಡಕ್ಟರ್ ಮರಾಠಿಯಲ್ಲಿ, ಒಳಗೆ ಮೊಟ್ಟೆ ಇವೆಯೇ ಎಂದು ಕೇಳಿದ. ನನಗೆ ನಗು ಬರಲಿಲ್ಲ.

ರಿಪೇರಿಯವರು ಡಿಸ್ಕ್ ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಟಿಕ್ ಟಿಕ್ ಇನ್ನೂ ಇತ್ತು. "ಎಷ್ಟೊತ್ತ ಉಸರ ಹಿಡಿತೈತೋ ಹೇಳಾಕ ಬರೂದಿಲ್ಲ. ಮೊದಲ ಯಾವ್ದು ತಗೀಲಿ? ಒಂದ ಹೇಳ್ರಿ."

ನಮ್ಮೂರ ಪಕ್ಕದ ಯಡ್ರಾವದ ಎಂಟು ಮಗ್ಗಗಳು ನನ್ನ ಹೊಸ ಡಿಸೈನಿಗಾಗಿ ನೂಲು ಏರಿಸಿಕೊಂಡು ನಿಂತಿದ್ದವು. ಅದನ್ನು ಮರುದಿನ ಕೊಡಬೇಕಿತ್ತು. ಆದರೆ ನನ್ನ ಬಾಯಿಗೆ ಬಂದದ್ದು ಮಾಮಾ ಅವರ ಫೋಲ್ಡರ್. ಹೇಳುವ ಮೊದಲು ಅವರಿಗೇ ಫೋನ್ ಹಚ್ಚಿ ಎಲ್ಲವನ್ನೂ ಒಪ್ಪಿಕೊಂಡೆ.

"ಮಗ್ಗದಾವ್ರು ಕಾಯಾಕತ್ತಾರೇನು?" ಎಂದರು ಮಾಮಾ.

"ಹೌದ್ರಿ."

"ಹಂಗಾರ ಅವರದ ಮೊದಲ ತಗಿ, ಯವ್ವಾ. ಅವರು ಕೈ ಕಟ್ಟಿಕೊಂಡು ಕುಂದ್ರಬಾರ್ದು."

ಯಡ್ರಾವದ ಫೈಲ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಮಾಮಾ ಅವರವು, ಒಂದೊಂದಾಗಿ. ಮೇಜು ಮುಟ್ಟಬೇಡಿ ಎಂದು ರಿಪೇರಿಯವರು ಹೇಳಿದ್ದರು, ನಾನು ಕುರ್ಚಿಯನ್ನೂ ಹಿಂದಕ್ಕೆ ಸರಿಸಿ ಕೂತಿದ್ದೆ. ಪರದೆಯ ಮೇಲಿನ ಹಸಿರು ಪಟ್ಟಿ ನಿಂತು ನಿಂತು ಮುಂದೆ ಸರಿಯುತ್ತಿತ್ತು. ಹತ್ತೊಂಬತ್ತು ಬಂದವು. ಇಪ್ಪತ್ತನೆಯದರ ನಡುವೆ ಡಿಸ್ಕ್ ಕರ್ರೆಂದು ಕೆರೆದು ಸುಮ್ಮನಾಯಿತು. ಮತ್ತೆ ಜೋಡಿಸಿ ನೋಡಿದರೂ ಏಳಲಿಲ್ಲ.

"ಮುಗೀತ್ರಿ" ಎಂದರು. ಮಾಮಾ ಅವರ ಅಂಚುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು.

ಮುಂದಿನ ರವಿವಾರ ಗಡಹಿಂಗ್ಲಜಕ್ಕೆ ಹೋದೆ. ಮಾಮಾ ಬೈಯಲಿಲ್ಲ. "ರದ್ದಿಗೆ ಹಾಕಾಕ ನಾನೂ ಹೂಂ ಅಂದಿದ್ನಲ್ಲ" ಎಂದರು. ಆದರೆ ಅರ್ಧ ರೊಟ್ಟಿಗೇ ಕೈ ತೊಳೆದರು. ಅದನ್ನು ಕಂಡ ಅವರ ಮಗಳು ಟ್ರಂಕ್ ತೆಗೆದು ಒಂದು ಹಳೆಯ ಸೀರೆ ತಂದು ನನ್ನ ಮುಂದೆ ಹಾಸಿದಳು. ಕಳೆದುಹೋದ ಅಂಚುಗಳಲ್ಲಿ ಒಂದು ಅದರಲ್ಲಿತ್ತು!

ನೇಸರಿಯ ಚಿಕ್ಕಮ್ಮನ ಮನೆಯಲ್ಲಿ ಇನ್ನೆರಡು ಸಿಕ್ಕವು. ಉಳಿದವು ಇವತ್ತಿಗೂ ಸಿಕ್ಕಿಲ್ಲ. ಭೂತಗನ್ನಡಿ ಹಿಡಿದು, ಎಳೆ ಎಣಿಸಿ, ಮೂರನ್ನೂ ಗ್ರಾಫ್ ಕಾಗದಕ್ಕೆ ಇಳಿಸಿ ಮಾಮಾ ಅವರಿಗೆ ಕೊಟ್ಟೆ. ಅವರು ಮೂಗಿಗೆ ಹತ್ತುವಷ್ಟು ಸಮೀಪ ಹಿಡಿದು ನೋಡಿದರು.

"ಇಲ್ಲಿ ಒಂದ ಎಳಿ ಹೆಚ್ಚಾಗೇತಿ."

"ಸೀರ್ಯಾಗ ಹಂಗ ಐತ್ರಿ ಮಾಮಾ."

"ಅದು ಮಗ್ಗದ ತಪ್ಪ. ನಂದಲ್ಲ" ಎಂದು ಪೆನ್ಸಿಲ್ ಕೇಳಿದರು.